ಮೋಟಜ್ಜಿಯ ಹೆಸರು

ಮಹಾಲಯ ಅಮಾವಾಸ್ಯೆಯ ರಾತ್ರಿ ನಮ್ಮ ಕಡೆ ಹಿರಿಯರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಬಂದುಬಿಡುತ್ತೇವೆ. ಒಳಗೆ ದೀಪ, ಸಾಂಬ್ರಾಣಿ ಹೊಗೆ, ಕಳಸದ ಮುಂದೆ ಮಡಿಸಿಟ್ಟ ಹೊಸ ಸೀರೆ, ಪಂಚೆ. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು, ತಾತನಿಗೆಂದು ಒಂದು ಕಟ್ಟು ಬೀಡಿ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಇಣುಕಬಾರದು. ಮಕ್ಕಳಾಗಿದ್ದ ನಾವು ಜಗಲಿಯ ಮೇಲೆ ಉಸಿರು ಹಿಡಿದು ಕೂತು ಒಳಗೆ ಎಲೆಯ ಸದ್ದು ಕೇಳುತ್ತದೆಯೋ ಎಂದು ಕಿವಿ ಕೊಡುತ್ತಿದ್ದೆವು.

ಬಾಗಿಲು ಮುಚ್ಚುವ ಮುಂಚೆ ಮನೆಯ ಯಜಮಾನ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ನಮ್ಮಪ್ಪ ಕರೆಯುತ್ತಿದ್ದರು. ತಮ್ಮ ತಂದೆ, ತಾತ, ಮುತ್ತಾತ. ಅಲ್ಲಿಗೆ ಅವರ ದನಿ ನಿಲ್ಲುತ್ತಿತ್ತು. ಆಮೇಲೆ ಕೈ ಮುಗಿದು, 'ಗೊತ್ತಿರೋರು, ಗೊತ್ತಿಲ್ದೆ ಇರೋರು ಎಲ್ಲಾರೂ ಬಂದು ಉಣ್ರಪ್ಪಾ' ಎನ್ನುತ್ತಿದ್ದರು. ಆಗ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಸೆರಗು ಹೊದ್ದು ಮುಂದೆ ಬಂದು ಎಲೆಯ ಅಂಚಿಗೆ ಒಂದು ತುತ್ತು ಮುದ್ದೆ ಬೇರೆಯಾಗಿ ಇಡುತ್ತಿದ್ದಳು. 'ಇದು ಮೋಟಜ್ಜಿಗೆ.'

ಮೋಟಜ್ಜಿ ಎಂದರೆ ಅವಳ ಅಜ್ಜಿ, ಅವಳ ಅಪ್ಪನ ತಾಯಿ. ಹೆಸರೇನು ಎಂದು ನಾನು ಕೇಳಿದಾಗಲೆಲ್ಲ ಅಜ್ಜಿ ಬಲಗೈಯ ಉಂಗುರದ ಬೆರಳನ್ನೂ ಕಿರುಬೆರಳನ್ನೂ ಅರ್ಧಕ್ಕೆ ಮಡಚಿ ತೋರಿಸುತ್ತಿದ್ದಳು. 'ಹಿಂಗಿತ್ತು ಕಣೆ ಅವಳ ಕೈ. ಈ ಮೋಟು ಬೆರಳಲ್ಲೇ ನಂಗೆ ತುತ್ತು ಕಟ್ಟಿ ಉಣಿಸ್ತಿದ್ಲು. ಹೆಸರು ಯಾರು ಕೂಗ್ತಿದ್ರು? ಎಲ್ಲಾರ್ಗೂ ಮೋಟಜ್ಜೀನೇ.' ಹಾಗೆ ಮಡಚಿದ ಎರಡು ಬೆರಳೇ ನನ್ನ ಪಾಲಿಗೆ ಆ ಮುದುಕಿಯ ಭಾವಚಿತ್ರ.

ನಾವು ಮೊರಸು ಒಕ್ಕಲಿಗರು. ನಮ್ಮಲ್ಲಿ ಒಂದು ಪಂಗಡಕ್ಕೆ ಬೆರಳು ಕೊಡುವವರು ಎಂದೇ ಹೆಸರಿತ್ತು. ಮೊದಲ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿ ಬಲಗೈಯ ಕೊನೆಯ ಎರಡು ಬೆರಳಿನ ತುದಿಗೆಣ್ಣು ಕತ್ತರಿಸಿಕೊಳ್ಳಬೇಕಿತ್ತು. ಇದರ ಹಿಂದಿನ ಕಥೆಯನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಮೈಸೂರಿನ ಇತಿಹಾಸದಲ್ಲೂ ಬರೆದಿದ್ದಾನೆ. ಕೋಲಾರದ ಸೀತಿ ಬೆಟ್ಟದ ಭೈರವನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ರಾಕ್ಷಸನೊಬ್ಬ ಶಿವನಿಂದ ವರ ಪಡೆದು ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಹೊಲದಲ್ಲಿ ಅಡಗಿದ. ರಾಕ್ಷಸ ಕೇಳಿದಾಗ ಒಕ್ಕಲಿಗ ಬಾಯಲ್ಲಿ ಕಾಣೆ ಎಂದ, ಬೆರಳಲ್ಲಿ ತೋರಿಸಿದ. ಮೋಹಿನಿಯಿಂದ ರಾಕ್ಷಸ ಬೂದಿಯಾದ ಮೇಲೆ ಶಿವ ಆ ಬೆರಳು ಕೇಳಿದ. ಬುತ್ತಿ ತಂದಿದ್ದ ಹೆಂಡತಿ ಕಾಲಿಗೆ ಬಿದ್ದಳು. ಬೆರಳು ಹೋದರೆ ಇವನು ನೇಗಿಲು ಹಿಡಿಯುವುದು ಹೇಗೆ, ಬದಲಿಗೆ ನನ್ನ ಎರಡು ತಗೋ ಎಂದಳು. ಬೆರಳು ತೋರಿಸಿದವನು ಗಂಡ, ಬೆರಳು ಕಳೆದುಕೊಂಡವಳು ಹೆಂಡತಿ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸರ್ಕಾರದ ತಡೆಯಿಂದ ಈ ಪದ್ಧತಿ ನಿಂತಿತು. ಮೋಟಜ್ಜಿ ಬಹುಶಃ ಬೆರಳು ಕೊಟ್ಟ ಕೊನೆಯ ತಲೆಮಾರಿನವಳು. ದೇವರಿಗೆ ಮೈಯ ಒಂದು ತುಂಡನ್ನೇ ಕೊಟ್ಟವಳನ್ನು ಎಡೆಗೆ ಕರೆಯಲು ನಮ್ಮ ಬಾಯಲ್ಲಿ ಒಂದು ಹೆಸರಿರಲಿಲ್ಲ.

ಹೆಸರು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹಿರಿಯರಿಗೆ ಗೊತ್ತಾಗುವುದಿಲ್ಲವೇ, ಭಕ್ತಿ ಇದ್ದರೆ ಸಾಲದೇ? ತರ್ಪಣದ ಕ್ರಮ ಬಲ್ಲವರನ್ನು ವಿಚಾರಿಸಿದ್ದೇನೆ. ಅಲ್ಲಿಯೂ ತಂದೆ ವಸು, ತಾತ ರುದ್ರ, ಮುತ್ತಾತ ಆದಿತ್ಯ ಎಂದು ಮೂರು ತಲೆಮಾರಿಗೆ ಹೆಸರು, ಗೋತ್ರ ಹೇಳಿ ನೀರು ಬಿಡುತ್ತಾರೆ. ಅದರಾಚೆಯವರು ಒಟ್ಟಾಗಿ ಬರುತ್ತಾರೆ. ಈ ಏರ್ಪಾಟಿನಲ್ಲಿ ಕರುಣೆ ಇದೆ, ಮನುಷ್ಯನ ನೆನಪಿನ ಅಳತೆ ಅದಕ್ಕೆ ಗೊತ್ತು. ಆದರೆ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಕೂಗಿದವಳು. 'ಎಲ್ಲರೂ ಬಂದಿದ್ದೀರಾ' ಎಂದು ಕೇಳುವುದಕ್ಕೂ ಒಂದೊಂದೇ ಹೆಸರು ಕೂಗಿ ತಲೆ ಎತ್ತಿ ನೋಡುವುದಕ್ಕೂ ಇರುವ ವ್ಯತ್ಯಾಸ ಬಲ್ಲೆ. ಹೆಸರು ಕೂಗಿದಾಗ ಹಿಂದಿನ ಬೆಂಚಿನ ಮಗುವಿನ ಮುಖ ಅರಳುತ್ತದೆ. ಸತ್ತವರಿಗೂ ಅಷ್ಟಾದರೂ ಸಲ್ಲಬೇಕು ಎನ್ನುವುದು ನನ್ನ ನಂಬಿಕೆ.

ನನ್ನ ಬಾಲ್ಯದಲ್ಲಿ ಈ ಕೆಲಸಕ್ಕೆಂದೇ ಒಬ್ಬರು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬೆಳಗಿನ ಜಾವ ಗಂಟೆಯ ಸದ್ದು, ಎತ್ತಿನ ಮೇಲೆ ಹೆಳವ. ಹೆಳವ ಎಂದರೆ ಕುಂಟ. ಅವರ ಮೂಲಪುರುಷನಿಗೆ ಕಾಲಿರಲಿಲ್ಲ, ಅದಕ್ಕೇ ಎತ್ತು ಏರಿದ ಎನ್ನುತ್ತಾರೆ. ನಮ್ಮ ಗಡಿಸೀಮೆಯಲ್ಲಿ ತೆಲುಗು ಮಾತಾಡುವ ಮನೆಗಳಿಗೆ ಹೋಗುವ ಇದೇ ಕಸುಬಿನವರಿಗೆ ಪಿಚ್ಚಿಗುಂಟಲು ಎಂದು ಹೆಸರು. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರೆ ಅವರು ಅವತಿಯಿಂದ ಶುರು ಮಾಡುತ್ತಿದ್ದರು. ಕಂಚಿಯ ಸೀಮೆಯಲ್ಲಿ ಒಬ್ಬ ಪಾಳೆಗಾರ ಹೆಣ್ಣು ಕೇಳಿದ್ದು, ಕೊಡಲೊಲ್ಲದೆ ಮನೆಮಂದಿ ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟಿದ್ದು, ಪಾಲಾರ್ ನದಿ ದಾರಿ ಬಿಟ್ಟಿದ್ದು, ನಂದಿಯ ಪೂರ್ವಕ್ಕೆ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಇಳಿದಿದ್ದು, ರಣಭೈರೇಗೌಡ ಅವತಿ ಕಟ್ಟಿದ್ದು. ಅಲ್ಲಿಂದ ಸರಸರನೆ ನಮ್ಮ ಮನೆಯ ಕವಲಿಗೆ ಇಳಿದು ಹತ್ತು ಹನ್ನೆರಡು ತಲೆಮಾರು ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದರು. ಅಜ್ಜಿ ಅವರಿಗೆ ಮೊರ ತುಂಬ ರಾಗಿ, ಒಂದು ಪಂಚೆ, ಒಮ್ಮೆ ಕಂಚಿನ ಚೊಂಬು ಕೊಟ್ಟಿದ್ದು ನೆನಪಿದೆ. ಕೊಡುವಾಗ ಗುಡಿಯಲ್ಲಿ ಪೂಜಾರಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಡುತ್ತಿದ್ದಳು.

ನಿವೃತ್ತಳಾದ ಮೇಲೆ ಆ ಹೆಳವರ ಮೊಮ್ಮಗನನ್ನು ಹುಡುಕಿಕೊಂಡು ಹೋದೆ. ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ದಪ್ಪ ರಿಜಿಸ್ಟರಿಗೆ ಇಳಿದು ಬಂದಿದ್ದ ಅವರ ಪುಸ್ತಕವನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಊದುಬತ್ತಿ ಹಚ್ಚಿ ಬಿಚ್ಚಿದರು. ನಮ್ಮ ಕವಲು ಸಿಕ್ಕಿತು. ಗಂಡಸರ ಹೆಸರು ಸಾಲಾಗಿ ಇದ್ದವು. ಹೆಂಗಸರ ಜಾಗದಲ್ಲಿ ಬರೀ ಊರು: ಇಂಥ ಊರಿಂದ ಹೆಣ್ಣು ತಂದರು, ಇಂಥ ಊರಿಗೆ ಕೊಟ್ಟರು. ನಮ್ಮಜ್ಜಿಯೂ ಒಂದು ಊರು. ನಾನೂ ಒಂದು ಊರು. ಒಬ್ಬ ಹುಡುಗಿಯ ಮಾನ ಉಳಿಸಲೆಂದೇ ಹೊಳೆ ದಾಟಿ ಬಂದ ಕುಲದ ಪುಸ್ತಕವಿದು. ಆ ಹೊತ್ತು ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಹೆಳವರ ಮೇಲೆ ಸಿಟ್ಟಿಲ್ಲ. ಕೇಳಿದವರು ಕೇಳಿದ್ದನ್ನೇ ಅವರು ಬರೆದರು.

ಈಗ ನಮ್ಮ ಆನೇಕಲ್ಲಿನಲ್ಲಿ ವಂಶಾವಳಿ ಬೇಕಾಗಿರುವುದು ಬೇರೆ ಕಾರಣಕ್ಕೆ. ತಾಲ್ಲೂಕಿನಲ್ಲಿ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ 'ವಂಶವೃಕ್ಷ' ಎನ್ನುವ ಮಾತು ಕಿವಿಗೆ ಬೀಳುತ್ತದೆ. ಪೌತಿ ಖಾತೆಗೆ ಅದು ಬೇಕು, ಪರಿಹಾರಕ್ಕೆ ಬೇಕು, ಲೇಔಟಿನವರ ಕರಾರಿಗೆ ಬೇಕು. 1970ರ ದಶಕದ ಕೊನೆಗೆ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಬಯಲಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಒಂದೊಂದೂ ಕಾರ್ಖಾನೆಯ ಊರಾಯಿತು. ಜಿಗಣಿ ಹೋಬಳಿಯ ನಮ್ಮ ಹೊಲವೂ ಹೋಯಿತು. ಒಕ್ಕಲಿಗರು ಹಿರಿಯರನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುವವರು. ನಮ್ಮ ನಾಲ್ಕು ಗುಡ್ಡೆಗಳಿದ್ದ ಮೂಲೆ ಈಗ ಲಾರಿ ನಿಲ್ಲುವ ಸಿಮೆಂಟು ಅಂಗಳ. ಗುಡ್ಡೆ ಹೋದ ಮೇಲೆ ಹಿರಿಯರಿಗೆ ಉಳಿದ ಜಾಗ ನಾವು ಕರೆಯುವ ಹೆಸರು ಮಾತ್ರ. ಈ ಹುಡುಕಾಟವನ್ನು ನಾನು ಹವ್ಯಾಸ ಎನ್ನದಿರುವುದು ಅದಕ್ಕೇ.

ಉಳಿದ ಜಮೀನಿನ ಸಲುವಾಗಿ ನಮ್ಮ ಮನೆಯಲ್ಲೂ ಒಂದು ವಂಶವೃಕ್ಷ ಬರೆಸಿದರು. ನನ್ನನ್ನೂ ನನ್ನ ತಂಗಿಯನ್ನೂ ಅದರಲ್ಲಿ ಬಿಟ್ಟಿದ್ದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂದು 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಕಾನೂನು ಮಾಡಿದ್ದು ಬರೆಸಿದವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟರು. ಯಾರು ಎಂದು ಇಲ್ಲಿ ಹೇಳುವುದಿಲ್ಲ, ಆ ಜಗಳ ಮುಗಿದಿದೆ. ಆದರೆ ಆ ಛಾಪಾ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಾಗ, ಬದುಕಿರುವಾಗಲೇ ಗೊತ್ತಿಲ್ಲದವರ ಸಾಲಿಗೆ ಸೇರುವುದು ಹೇಗಿರುತ್ತದೆ ಎಂದು ತಿಳಿಯಿತು. ಮೋಟಜ್ಜಿ ನನಗೆ ನಿಜವಾಗಿ ಹತ್ತಿರವಾದದ್ದು ಅಂದೇ. ಆಸ್ತಿಯ ಮರಕ್ಕೆ ಕೊಂಬೆ ಕಡಿಮೆಯಾದಷ್ಟೂ ಉಳಿದವರಿಗೆ ನೆರಳು ಹೆಚ್ಚು. ಎಡೆಯ ಮರ ಹಾಗಲ್ಲ. ಅಲ್ಲಿ ಒಬ್ಬರು ಬಿಟ್ಟುಹೋದರೂ ಉಳಿದವರು ಅರೆಹೊಟ್ಟೆಯಲ್ಲಿ ಏಳುತ್ತಾರೆ.

ಹುಡುಕಾಟಕ್ಕೆ ಮೊದಲು ಕೈಗೆ ಸಿಕ್ಕಿದ್ದು ನಮ್ಮ ತಾತನ ಲೆಕ್ಕದ ಕಡತ. ಕಪ್ಪು ಮಸಿ, ಒಂದಕ್ಕೊಂದು ಕೂಡಿದ ಅಕ್ಷರ, ಕಾಸು ಕಾಳಿನ ಲೆಕ್ಕ. ಹೆಂಗಸರು ಅದರಲ್ಲೂ ಇರಲಿಲ್ಲ. ಆದರೆ ನಮ್ಮ ಹೊಲದಲ್ಲಿ ಜೀತಕ್ಕಿದ್ದವರ ಹೆಸರಿದ್ದವು, ಅಪ್ಪನ ಹೆಸರು ಸಮೇತ, ಪಡೆದ ಸಾಲ ಸಮೇತ. ಊರಿನ ಆಚೆ ಕೇರಿಯ ಒಬ್ಬರು, ನನ್ನ ಕೈಯಲ್ಲೇ ಅಕ್ಷರ ಕಲಿತವರು, ಈಗ ಬ್ಯಾಂಕಿನಲ್ಲಿದ್ದಾರೆ. ಅವರು ಬಂದು, 'ಮಿಸ್, ನಮ್ಮ ತಾತನ ಅಪ್ಪನ ಹೆಸರು ಇದೆಯಾ ನೋಡಿ' ಎಂದರು. ಇತ್ತು. ಎರಡು ಪಲ್ಲ ರಾಗಿಯ ಸಾಲಕ್ಕೆ ದುಡಿದ ಲೆಕ್ಕದ ಪಕ್ಕದಲ್ಲಿ ಇತ್ತು. ಆ ಮನುಷ್ಯ ಭೂಮಿಯ ಮೇಲೆ ಬಾಳಿದ್ದಕ್ಕೆ ಆ ಮನೆಯವರ ಕೈಗೆ ಸಿಕ್ಕ ಒಂದೇ ಸಾಕ್ಷಿ ನಮ್ಮ ಮನೆಯ ಸಾಲದ ಪುಟ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಪುಟ ಉಳಿದಿತ್ತು. ಅವರು ಬೆರಳನ್ನು ಆ ಹೆಸರಿನ ಮೇಲೆ ಇಟ್ಟು ಬಹಳ ಹೊತ್ತು ಕೂತರು. ನಾನು ಆ ಹಾಳೆಯನ್ನು ಹೊಲಿಗೆ ಬಿಚ್ಚಿ ಅವರಿಗೇ ಕೊಟ್ಟೆ. ಸಾಲದ ಲೆಕ್ಕ ನಮ್ಮದಾಗಿತ್ತು, ಹೆಸರು ಅವರದು. ವಂಶ ಹುಡುಕುವುದು ಪುಣ್ಯದ ಕೆಲಸ ಎಂದು ಹೇಳುವ ನನ್ನಂಥವರು ತಮ್ಮ ಹಿರಿಯರು ಯಾರ ಹೆಗಲ ಮೇಲೆ ನಿಂತಿದ್ದರು ಎಂಬ ಪುಟವನ್ನೂ ತೆರೆಯಬೇಕು. ಅದನ್ನು ಮುಚ್ಚಿಟ್ಟರೆ ಉಳಿಯುವುದು ಕುಲದ ಹೆಮ್ಮೆ, ಅದು ಭಕ್ತಿಯಲ್ಲ.

ಈ ಭಯ ನನಗೆ ಇದ್ದೇ ಇತ್ತು. ಕುಲ ಕೇಳುವುದನ್ನೇ ಶರಣರು ಬೇಡವೆಂದ ನಾಡಿನಲ್ಲಿ ನಾನು ಕುಲದ ಬೇರು ಅಗೆಯುತ್ತಿದ್ದೇನಲ್ಲ ಎಂಬ ಭಯ. ಸಮಾಧಾನ ಕೊಟ್ಟವನೂ ಬಸವಣ್ಣನೇ. ಅವನು ವಂಶವೇ ಬೇಡ ಎನ್ನಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತನ್ನ ಹೆತ್ತವರ ಜಾಗದಲ್ಲಿಟ್ಟು ಕರೆದ, ಬೇರೊಂದು ವಂಶಾವಳಿ ಕಟ್ಟಿಕೊಂಡ. ನಮ್ಮೂರಿನ ಧರ್ಮರಾಯಸ್ವಾಮಿ ಗುಡಿಯಲ್ಲಿ ಕರಗ ಹೊರುವ ತಿಗಳರು ತಮ್ಮನ್ನು ದ್ರೌಪದಿಯ ವೀರಕುಮಾರರ ವಂಶದವರೆಂದು ನಂಬುತ್ತಾರೆ. ಕರಗದ ರಾತ್ರಿ ಕತ್ತಿ ಹಿಡಿದು ಹೊರಡುವ ಆ ಯುವಕರಲ್ಲಿ ಕೆಲವರು ಹಗಲು ಕಾರ್ಖಾನೆಯ ಪಾಳಿ ಮುಗಿಸಿ ಬಂದವರು. ರಕ್ತದ ದಾರಿ ಒಂದು, ನಂಬಿಕೆಯ ದಾರಿ ಒಂದು. ಎರಡರಲ್ಲೂ ಮನುಷ್ಯ ತನಗಿಂತ ಮುಂಚಿನವರಿಗೆ ತಲೆಬಾಗುತ್ತಾನೆ.

ನನ್ನ ತಂಗಿಯ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಂದ ಅಮೆರಿಕದ ಯೂಟಾ ಪ್ರಾಂತ್ಯದ ಮಾರ್ಮನ್ ಕ್ರೈಸ್ತರ ವಿಷಯ ತಿಳಿಯಿತು. ಅವರು 1894ರಲ್ಲೇ ವಂಶಾವಳಿಗಳಿಗೆಂದು ಒಂದು ಸಂಘ ಕಟ್ಟಿದರು. ಲೋಕದ ಊರೂರಿನ ದಾಖಲೆಗಳನ್ನು ಫಿಲ್ಮಿನಲ್ಲಿ ತೆಗೆದು ಬೆಟ್ಟದೊಳಗೆ ಕೊರೆದ ಗ್ರಾನೈಟ್ ಭಂಡಾರದಲ್ಲಿ ಕಾಪಾಡಿದ್ದಾರೆ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನ ಬರೆದಿಡುವ ಬಹಿಗಳಲ್ಲಿ ಕೆಲವನ್ನೂ ಹಾಗೆ ಚಿತ್ರ ತೆಗೆದಿದ್ದಾರೆ. ಅವರಿಗೆ ಇದು ನೇರವಾಗಿ ಧರ್ಮದ ಕೆಲಸ. ಸತ್ತ ಹಿರಿಯನ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು, ಒಪ್ಪುವುದು ಬಿಡುವುದು ಆ ಸತ್ತವನಿಗೆ ಬಿಟ್ಟಿದ್ದು ಎಂಬುದು ಅವರ ನಂಬಿಕೆ. ಅದಕ್ಕೆ ಹೆಸರು ಬೇಕೇ ಬೇಕು. ನನಗೆ ಅವರು ದೂರದವರು ಅನ್ನಿಸಲಿಲ್ಲ, ಹೆಸರಿಲ್ಲದೆ ಎಡೆ ಇಡಲಾರೆ ಎನ್ನುವ ನನ್ನ ಜಾತಿಯವರೇ ಅನ್ನಿಸಿದರು. ಆದರೆ ಹಿಟ್ಲರನ ಕಾಲದಲ್ಲಿ ಕೊಲೆಯಾದ ಯಹೂದಿಗಳಿಗೂ ಹೀಗೆ ದೀಕ್ಷೆ ಮಾಡಿಸಿದ್ದು ಯಹೂದಿಗಳನ್ನು ನೋಯಿಸಿತು, 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು. ಅದು ಸರಿಯಾದ ತೀರ್ಮಾನ. ಸತ್ತವರನ್ನು ಊಟಕ್ಕೆ ಕರೆಯಬಹುದು, ಅವರ ಮನೆಯವರ ಕೈಯಿಂದ ಕಿತ್ತುಕೊಳ್ಳಬಾರದು. ಆ ಲೆಕ್ಕದ ಹಾಳೆಯನ್ನು ಬಿಚ್ಚಿ ಕೊಟ್ಟದ್ದು ಒಳ್ಳೆಯದಾಯಿತು ಎಂದು ಇದನ್ನು ತಿಳಿದ ಮೇಲೆ ಮತ್ತೆ ಅನ್ನಿಸಿತು.

ಸತ್ತವರ ಹೆಸರು ಕಲ್ಲಿನಲ್ಲಿ ಉಳಿದದ್ದೂ ಉಂಟು. ಬೇಗೂರಿನ ನಾಗನಾಥೇಶ್ವರ ಗುಡಿ ನಮಗೆ ದೂರವೇನಲ್ಲ. ಅಲ್ಲಿನ, ಸುಮಾರು ಕ್ರಿ.ಶ. 890ರ ಕಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಮೊದಲ ಸಲ ಕಾಣುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದ್ದೇನೆ. ಬಿ. ಎಲ್. ರೈಸ್ 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಆನೇಕಲ್ ತಾಲ್ಲೂಕಿನ ಕಲ್ಲುಗಳೂ ಇವೆ. ಬೇಗೂರಿನ ಕಲ್ಲನ್ನು ನಿಲ್ಲಿಸಿದ್ದು ಊರಿನ ಹೆಸರು ಉಳಿಯಲೆಂದಲ್ಲ. ಬೆಂಗಳೂರ ಕಾಳಗದಲ್ಲಿ ಬುಟ್ಟಣಶೆಟ್ಟಿ ಸತ್ತ ಎಂದು ಹೇಳಲು. ಸತ್ತ ಒಬ್ಬನ ಹೆಸರು ಕಲ್ಲಿಗೇರಿತು, ಮಹಾನಗರದ ಹೆಸರು ಅವನ ಜೊತೆಗೆ ಉಳಿದು ಬಂತು.

ಮೋಟಜ್ಜಿಗೆ ಕಲ್ಲಿಲ್ಲ. ಅಜ್ಜಿಯ ತವರು ಸರ್ಜಾಪುರ ಹೋಬಳಿಯಲ್ಲಿ. ಮೂರು ಸಲ ಹೋಗಿ ಬಂದೆ. ಹಳೇ ಮನೆಯ ಜಾಗದಲ್ಲಿ ಐದು ಅಂತಸ್ತಿನ ಪೀಜಿ ಕಟ್ಟಿದ್ದಾರೆ. ನಾಲ್ಕನೇ ಸಲ, ಅಜ್ಜಿಯ ಅಣ್ಣನ ಮೊಮ್ಮಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಜಿರಳೆ ತಿಂದ ಪಟ್ಟಾ ಪುಸ್ತಕ, ಜಾತಕ, ಕೆಳಗೆ ನಾಲ್ಕು ಮಡಿಕೆಯ ಒಂದು ಭೋಗ್ಯ ಪತ್ರ. 1908ನೇ ಇಸವಿ. ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ಬೆಳಕು ಕಾಣುತ್ತಿತ್ತು. ಗಂಡ ತೀರಿಕೊಂಡ ಮೇಲೆ ಒಂದು ತೋಟವನ್ನು ಭೋಗ್ಯಕ್ಕೆ ಹಾಕಿ ಬರೆಸಿದ ಪತ್ರ. ಬರೆಸಿದವರು ಇಬ್ಬರು: ಇಂಥವರ ಹಿರೀ ಹೆಂಡತಿ ಇಂಥವಳು, ಕಿರೀ ಹೆಂಡತಿ ಇಂಥವಳು. ಒಂದು ಗ್ರಾಮದೇವತೆಯ ಹೆಸರು, ಒಂದು ಹೊಳೆಯ ಹೆಸರು. ಕೆಳಗೆ ಪಕ್ಕಪಕ್ಕದಲ್ಲಿ ಎರಡು ಹೆಬ್ಬೆಟ್ಟು, ಮಸಿ ಇನ್ನೂ ಕಪ್ಪಾಗಿಯೇ ಇದೆ.

ಅಜ್ಜಿ ಹುಟ್ಟುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರೇ ಉಳಿದಿದ್ದಿರಬೇಕು. ಯಾರು? ಹೆಬ್ಬೆಟ್ಟಿನಲ್ಲಿ ಕಿರುಬೆರಳು ಕಾಣುವುದಿಲ್ಲ. ಅಜ್ಜಿಯ ಅಪ್ಪ ಯಾರ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಆ ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ. ತಂಗಿಯ ಮಗಳು, 'ದೊಡ್ಡಮ್ಮಾ, ಐವತ್ತು ಪರ್ಸೆಂಟ್ ಸಿಕ್ಕಿತಲ್ಲ' ಎಂದಳು. ಬಸ್ಸಿನಲ್ಲಿ ಚಂದಾಪುರ ದಾಟುವವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ. ಆನೇಕಲ್ಲಿನಲ್ಲಿ ಇಳಿಯುವ ಹೊತ್ತಿಗೆ ಹಾಗೆ ಅನ್ನಿಸಲಿಲ್ಲ. ಒಬ್ಬಳನ್ನು ಹುಡುಕಿ ಹೋಗಿದ್ದೆ, ಇಬ್ಬರು ಸಿಕ್ಕಿದ್ದರು. ಎರಡನೆಯವಳನ್ನು ಯಾರೂ ಹುಡುಕಿಯೇ ಇರಲಿಲ್ಲ.

ಕೊಟ್ಟ ಮನೆಗೆ ಹೋದ ಹೆಣ್ಣು ತವರಿನ ಹಿರಿಯರಿಗೆ, ಅದೂ ಅಜ್ಜಿಯ ತವರಿನ ಹಿರಿಯರಿಗೆ, ಎಡೆ ಇಡಬಹುದೇ ಎಂಬ ಪ್ರಶ್ನೆ ಎದ್ದಿತು. ಬಂಧುಗಳಲ್ಲಿ ಹಿರಿಯರೊಬ್ಬರು, 'ಅವರು ಬರಾಕಿಲ್ಲ ಬಿಡವ್ವ, ದಾರಿ ಬೇರೆ' ಎಂದರು. ಅವರ ಮಾತನ್ನು ಗೌರವದಿಂದ ಕೇಳಿದೆ. ಆದರೆ ನಮ್ಮಜ್ಜಿ ವರ್ಷವರ್ಷವೂ ಗಂಡನ ಮನೆಯ ಎಲೆಯ ಅಂಚಿನಲ್ಲಿ ಆ ತುತ್ತು ಇಡುತ್ತಿದ್ದಳಲ್ಲ, ಅದೇ ನನಗೆ ಶಾಸ್ತ್ರ.

ಕಳೆದ ಮಹಾಲಯ ಅಮಾವಾಸ್ಯೆಗೆ ಕಳಸದ ಮುಂದೆ ಎರಡು ಸೀರೆ ಇಟ್ಟೆ, ಆನೇಕಲ್ಲಿನಲ್ಲೇ ನೇಯ್ದವು, ಒಂದು ಅರಿಶಿನ, ಒಂದು ಹಸಿರು. ಎಲೆಯ ನಡುವೆಯೇ ಎರಡು ತುತ್ತು. ಎರಡೂ ಹೆಸರನ್ನು ಗಟ್ಟಿಯಾಗಿ ಕರೆದೆ. ಆ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ, ಅವು ಎಡೆಯ ಮುಂದೆ ಕರೆಯುವುದಕ್ಕೆ ಇರುವಂಥವು. ಬಾಗಿಲು ಮುಂದೆ ಮಾಡಿ ಆಚೆ ಬಂದು ಮೆಟ್ಟಿಲ ಮೇಲೆ ಕೂತೆ.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಎಂಬತ್ತು ದಾಟಿದ ಹೆಂಗಸು ಯಾರಾದರೂ ಇದ್ದರೆ ಈ ಭಾನುವಾರವೇ ಒಂದು ನೋಟ್‌ಬುಕ್ ಹಿಡಿದು ಹೋಗಿ ಅವರ ಪಕ್ಕ ಕೂತುಕೊಳ್ಳಿ. ಅವರ ಅಜ್ಜಿಯರ ಹೆಸರು ಕೇಳಿ ಬರೆದುಕೊಳ್ಳಿ. ಊರಲ್ಲ, ಹೆಸರು.